ಎದುರು ಸಾಲಿನ ಮಕ್ಕಳು

ಜೂನ್ ೬

ತಮ್ಮಾ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಅನ್ನುವುದು ನಿನ್ನ ಸಹಿ ನೋಡಿ ಗೊತ್ತಾಗಲಿಲ್ಲ. ಹೌದು, ಸಹಿಯನ್ನೇ ನೋಡಿದ್ದು. ನಿನ್ನೆ ನಮ್ಮ ಕೋಣೆಗೆ ಇಬ್ಬರು ಹುಡುಗಿಯರು ತಕ್ಕಡಿ, ಅಳತೆಪಟ್ಟಿ, ಒಂದು ಕಟ್ಟು ಕಾಗದ ಹೊತ್ತುಕೊಂಡು ಬಂದರು. ಮೌಲ್ಯಮಾಪನವಂತೆ. ಕಾಗದದ ಕೆಳಗೆ 'ಹಿರಿಯ ಮೌಲ್ಯಮಾಪಕರು' ಅಂತ ಅಚ್ಚಾಗಿತ್ತು, ಅದರ ಮೇಲೆ ಬಾಲ ಸುತ್ತಿಕೊಂಡ ನಿನ್ನ ಸಹಿ. ಏಳನೇ ಕ್ಲಾಸಿನಲ್ಲಿ ಅಂಕಪಟ್ಟಿಗೆ ಹಾಕಲು ಅಪ್ಪನ ಸಹಿ ಕಲಿತವನು ಅದನ್ನೇ ನಿನ್ನದು ಮಾಡಿಕೊಂಡೆಯಲ್ಲ, ನನಗೆ ಗುರುತು ಸಿಗದೆ ಇರುತ್ತದೆಯೇ?

ನಾನು ಹೇಳಿರಲಿಲ್ಲ, ನೀನೂ ಕೇಳಿರಲಿಲ್ಲ: ಆಸ್ಪತ್ರೆಯ ವಾರ್ಡಿನ ಕೆಲಸ ಬಿಟ್ಟೆ. ಹದಿನೆಂಟು ವರ್ಷ ಮಕ್ಕಳನ್ನು ಕಾಯಿಲೆ ಬಿದ್ದ ಮೇಲೆ ನೋಡಿಕೊಂಡದ್ದಾಯಿತು, ಬೀಳುವ ಮೊದಲೇ ನೋಡಿಕೊಳ್ಳೋಣ ಅನ್ನಿಸಿತು. ನಮ್ಮ ಬೀದಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ, ಹಿಂದೆ ಪಂಪು ಇಟ್ಟಿದ್ದ ಎರಡು ಕೋಣೆಗೆ ಸುಣ್ಣ ಬಳಿದು ಮಕ್ಕಳ ಆರೋಗ್ಯಕ್ಕೆ ಅಂತ ತೆರೆದಿದ್ದಾರೆ. ಮೂಲೆಯಲ್ಲಿ ಗ್ರೀಸಿನ ವಾಸನೆ ಇನ್ನೂ ಹೋಗಿಲ್ಲ. ಮಧ್ಯಾಹ್ನ ಮಕ್ಕಳು ಬರುತ್ತಾರೆ, ಕೈ ತೊಳೆಸಿ ಬಿಸಿ ಊಟ, ಒಂದು ಮೊಟ್ಟೆ. ಮಂಗಳವಾರ ತೂಕ. ಹದಿನೈದು ದಿನಕ್ಕೊಮ್ಮೆ ಡಾಕ್ಟರಮ್ಮ. ಬೀದಿಯ ತುದಿಯಲ್ಲಿ ಕಲ್ಲು ಕೊಯ್ಯುವ ಶೆಡ್ಡುಗಳಿವೆ, ಬಿಳಿ ಧೂಳು ಮನೆಮನೆಗೂ ನುಗ್ಗಿ ಮಕ್ಕಳು ಮುದುಕರ ಹಾಗೆ ಕೆಮ್ಮುತ್ತಾರೆ. ಅದಕ್ಕೆ ಅಂತ ಮೂಗಿಗೆ ಇಟ್ಟು ಔಷಧಿಯ ಹಬೆ ಕೊಡುವ ಯಂತ್ರವೂ ಇದೆ.

ಕೋಣೆ ಇರುವುದು ನಮ್ಮ ಸಾಲಿನ ನಲವತ್ತಾರು ಮಕ್ಕಳಿಗೆ ಮಾತ್ರವಂತೆ. ಎದುರು ಸಾಲಿಗೆ ಯಾಕಿಲ್ಲ ಅಂತ ಮೇಲ್ವಿಚಾರಕರನ್ನು ಕೇಳಿದೆ. "ನೋಡೋಣ" ಅಂದರು. ಏನು ಕೇಳಿದರೂ ಹಾಗೇ ಅನ್ನುತ್ತಾರೆ, ನಾವೆಲ್ಲ ಅವರಿಗೆ ನೋಡೋಣ ಸಾಹೇಬರು ಅಂತಲೇ ಹೆಸರಿಟ್ಟಿದ್ದೇವೆ. ಆದರೆ ನಿನ್ನ ಹುಡುಗಿಯರು ರಸ್ತೆ ದಾಟಿ ಆ ಸಾಲಿನ ಮಕ್ಕಳನ್ನೂ ತೂಗಿದರು, ತೋಳಿಗೆ ಪಟ್ಟಿ ಸುತ್ತಿದರು, ಅಳುವ ಮುಖದಿಂದ ನಗುವ ಮುಖದವರೆಗೆ ಐದು ಮುಖ ಬರೆದ ಚೀಟಿ ತೋರಿಸಿ "ಹೋದ ವಾರ ಹೇಗಿದ್ದೆ?" ಅಂತ ಕೇಳಿದರು. ಎಲ್ಲವೂ ಟೀಚರಿಗೆ ಹೆದರಿದ ಹಾಗೆ ನಗುವ ಮುಖಕ್ಕೇ ಬೆರಳಿಟ್ಟವು. ಆರು ವರ್ಷದ ಒಬ್ಬಳು ಮಾತ್ರ "ಬೇಡ" ಅಂದಳು. ಅವಳು ಎಲ್ಲದಕ್ಕೂ ಬೇಡ ಅನ್ನುವವಳೇ. ಇಡೀ ಬೀದಿ ಅವಳನ್ನು ಬೇಡಮ್ಮ ಅಂತಲೇ ಕರೆಯುವುದು.

ಅವರನ್ನು ಯಾಕೆ ತೂಗಿದ್ದು? ಇಷ್ಟೆಲ್ಲ ಸಹಿ ಹಾಕಿದವನು ಒಮ್ಮೆ ಬಂದು ನೋಡಬಾರದೇ?

ನಿನ್ನ ಅಕ್ಕ

&nbsp;

ಜೂನ್ ೧೯

ಅಕ್ಕಾ,

ನಿನ್ನ ಕಾಗದ ಆಫೀಸಿನ ವಿಳಾಸಕ್ಕೆ ಬಂತು. ಒಡೆದು ಓದುವಷ್ಟರಲ್ಲಿ ಬೆವೆತುಹೋದೆ. ನೀನು ಆ ಕೋಣೆ ಸೇರಿದ್ದು ದೇವರಾಣೆಗೂ ನನಗೆ ಗೊತ್ತಿರಲಿಲ್ಲ.

ನಮ್ಮಲ್ಲಿ ಒಂದು ನಿಯಮವಿದೆ. ಯಾವ ಕೆಲಸದ ಮೌಲ್ಯಮಾಪನ ಮಾಡುತ್ತೇವೋ ಅದರಲ್ಲಿ ನಮ್ಮ ಮನೆಯವರು ಇರಕೂಡದು. ಇದ್ದರೆ ಮೊದಲೇ ತಿಳಿಸಬೇಕು. ತಿಳಿಸಿದರೆ ನನ್ನನ್ನು ಇದರಿಂದ ತೆಗೆಯುತ್ತಾರೆ. ಒಂಬತ್ತು ವರ್ಷ ಬೇರೆಯವರ ವರದಿಗೆ ಅಂಕಿಗಳನ್ನು ಜೋಡಿಸಿಕೊಟ್ಟ ಮೇಲೆ ಮೊದಲ ಸಲ ನನ್ನ ಕೈಗೆ ಸಿಕ್ಕ ಕೆಲಸ ಇದು. ಹೊಟ್ಟೆಗೆ ಹಾಕಿಕೋ, ಅಕ್ಕ. ಇನ್ನು ಮೇಲೆ ಮನೆಯ ವಿಳಾಸಕ್ಕೇ ಬರೆ. ಫೋನು ಬೇಡ. ನೀನು ಫೋನಿನಲ್ಲಿ ಮಾತಾಡಿದರೆ ಮೂರು ಮೇಜಿನಾಚೆಗೂ ಕೇಳುತ್ತದೆ.

ಎದುರು ಸಾಲಿನವರನ್ನು ಯಾಕೆ ತೂಗಿದರು ಅಂತ ಕೇಳಿದ್ದೀಯ. ಕೋಣೆಯಲ್ಲಿ ಕೆಲಸ ಮಾಡುವವರಿಗೆ ಅದನ್ನು ಹೇಳುವಂತಿಲ್ಲ. ಹೇಳಿದರೆ ನೀವು ನಡೆದುಕೊಳ್ಳುವ ರೀತಿಯೇ ಬದಲಾಗಿಬಿಡುತ್ತದೆ. ಇಷ್ಟು ತಿಳಿದುಕೋ: ಈ ಒಂದು ಬೀದಿಯಲ್ಲಿ ಕೋಣೆ ಗೆದ್ದರೆ ಇನ್ನು ನಲವತ್ತು ಬೀದಿಗಳಲ್ಲಿ ಇಂಥದ್ದೇ ಕೋಣೆ ತೆರೆಯುತ್ತಾರೆ. ಸೋತರೆ ಇದನ್ನೂ ಮುಚ್ಚುತ್ತಾರೆ.

ಬರಲು ಆಗುವುದಿಲ್ಲ. ಯಾಕೆ ಅಂತ ಈಗ ನಿನಗೆ ಗೊತ್ತಲ್ಲ.

ನಿನ್ನ ತಮ್ಮ

&nbsp;

ಆಗಸ್ಟ್ ೨೧

ತಮ್ಮಾ,

ದೊಡ್ಡ ಮನುಷ್ಯನಾದೆ, ಅಕ್ಕ ಇದ್ದಾಳೆ ಅನ್ನುವುದನ್ನೂ ಬಚ್ಚಿಡುವಷ್ಟು. ಇರಲಿ. ನಿನಗೆ ಒಳ್ಳೆಯದಾಗುವುದಾದರೆ ನಾನು ನಿನಗೆ ಯಾರೂ ಅಲ್ಲ ಅಂತಲೇ ಇಟ್ಟುಕೋ.

ನಮ್ಮ ಮಕ್ಕಳು ಮೈತುಂಬಿಕೊಳ್ಳುತ್ತಿದ್ದಾರೆ. ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟುವುದನ್ನು ತಾಯಂದಿರಿಗೆ ಹೇಳಿಕೊಟ್ಟಿದ್ದೇನೆ. ಸಂಜೆ ಆ ಬಟ್ಟೆ ಹಿಂಡಿದರೆ ಹಾಲಿನಂಥ ನೀರು ಬರುತ್ತದೆ. ಅಷ್ಟೂ ಈ ಕೂಸುಗಳ ಎದೆಗೆ ಇಳಿಯುತ್ತಿತ್ತು ನೋಡು.

ಒಂದು ವಿಷಯ ಹೇಳಬೇಕು. ಹೋದ ತಿಂಗಳು ಒಂದು ಮಧ್ಯಾಹ್ನ ಬೇಡಮ್ಮನ ತಾಯಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆ ದಾಟಿ ಓಡಿಬಂದಳು. ಮಗುವಿನ ತುಟಿ ನೀಲಿ, ಪಕ್ಕೆಲುಬಿನ ಸಂದಿ ಒಳಕ್ಕೆ ಎಳೆಯುತ್ತಿತ್ತು. "ನಮ್ಮ ಸಾಲಿಗೆ ಇಲ್ಲ ಅಂತ ಗೊತ್ತಕ್ಕ, ಆದ್ರೂ ಬಂದೆ" ಅಂದಳು. ನಾನೇನು ಮಾಡಲಿ? ಸಾಹೇಬರಿಗೆ ಫೋನು ಮಾಡಿ "ನೋಡೋಣ" ಅನ್ನಿಸಿಕೊಳ್ಳಲೇ? ಯಂತ್ರ ಹಚ್ಚಿದೆ. ಮಗು ಮುಖವಾಡ ಕಿತ್ತು "ಬೇಡ, ಬೇಡ" ಅಂದಿತು. ಬೇಡ ಅನ್ನುವಷ್ಟು ಉಸಿರು ಬಂತಲ್ಲ ಅಂತ ಅವರಮ್ಮ ಅತ್ತುಬಿಟ್ಟಳು.

ಒಬ್ಬಳನ್ನು ಒಳಗೆ ಬಿಟ್ಟ ಮೇಲೆ ಉಳಿದವರನ್ನು ಯಾವ ಬಾಯಲ್ಲಿ ಬೇಡ ಅನ್ನಲಿ? ನಮ್ಮ ಸಾಲಿನ ತಾಯಂದಿರನ್ನೇ ಕೂರಿಸಿ ಕೇಳಿದೆ. ಟೈಲರಮ್ಮ ಅಂತ ಒಬ್ಬಳಿದ್ದಾಳೆ, ಬಾಯಿ ಜೋರು, ಅವಳೇ ಮೊದಲು, "ಕಜ್ಜಿ ಏನು ರಸ್ತೆ ನೋಡ್ಕೊಂಡು ದಾಟುತ್ತಾ? ಅವ್ರಿಗೆ ವಾಸಿ ಮಾಡ್ದೆ ನಮ್ಮ ಮಕ್ಕಳಿಗೆ ವಾಸಿ ಮಾಡಿ ಏನು ಬಂತು?" ಅಂದಳು. ಈಗ ಮೊಟ್ಟೆಯನ್ನು ಅರ್ಧ ಮಾಡಿ ಹಂಚುತ್ತೇವೆ. ಊಟಕ್ಕೆ ಒಂದೊಂದು ಮನೆಯಿಂದ ಒಂದೊಂದು ಪಾತ್ರೆ ಸೇರುತ್ತದೆ. ಹುಳದ ಮಾತ್ರೆಯನ್ನು ಡಾಕ್ಟರಮ್ಮ ಕಣ್ಣು ಮಿಟುಕಿಸಿ ಎರಡು ಡಬ್ಬಿ ಜಾಸ್ತಿ ಇಟ್ಟುಹೋದರು. ರಿಜಿಸ್ಟರಿನಲ್ಲಿ ಆ ಸಾಲಿನವರ ಹೆಸರಿಲ್ಲ. ಸಾಹೇಬರು ಬರುವ ದಿನ ಅವರು ಮನೆಯಲ್ಲೇ ಇರುತ್ತಾರೆ, ಅಷ್ಟೆ.

ನಿನ್ನ ಹುಡುಗಿಯರು ಅವರನ್ನೂ ತೂಗಿದ್ದಾರೆ ಅಂದ ಮೇಲೆ ಕೊನೆಗೆ ಅವರೂ ಚೆನ್ನಾಗಿ ತೂಗಬೇಕಲ್ಲವೇ? ಗೆದ್ದರೆ, ಸೋತರೆ ಅಂತ ನೀನು ಬರೆದಿದ್ದೆ. ನಿನ್ನ ಈ ಪರೀಕ್ಷೆಯಲ್ಲಿ ಎರಡೂ ಸಾಲಿನಲ್ಲಿ ಒಂದು ಮಗುವೂ ಫೇಲಾಗದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಇದರಲ್ಲಿ ತಪ್ಪೇನಾದರೂ ಇದ್ದರೆ ಹೇಳು, ನಿಲ್ಲಿಸುತ್ತೇನೆ.

ನಿನ್ನ ಅಕ್ಕ

&nbsp;

ಸೆಪ್ಟೆಂಬರ್ ೧೨

ಅಕ್ಕಾ,

ಕಾಗದ ಸೇರಿತು. ಇಂಥ ವಿಷಯ ಬರೆಯಬೇಡ. ನಾನು ಅದನ್ನು ಓದಿಲ್ಲ ಅಂತಲೇ ತಿಳಿದುಕೋ.

ಆ ಹುಡುಗಿ ಈಗ ಹೇಗಿದ್ದಾಳೆ? ಬೇಡ, ಅದನ್ನೂ ಬರೆಯಬೇಡ.

ಇಲ್ಲಿ ಕೆಲಸ ಕುತ್ತಿಗೆಯವರೆಗೆ ಇದೆ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ತಮ್ಮ

&nbsp;

ಮಾರ್ಚ್ ೧೪

ತಮ್ಮಾ,

ಬರೆಯಬೇಡ ಅಂದೆ, ಆರು ತಿಂಗಳು ಬರೆಯಲಿಲ್ಲ. ಈಗ ಬರೆಯದೆ ಇದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ನಿನ್ನ ಹುಡುಗಿಯರು ಮತ್ತೆ ಬಂದು ಕೊನೆಯ ಅಳತೆ ಮುಗಿಸಿಕೊಂಡು ಹೋದರು. ಬೆಳಿಗ್ಗೆಯೇ ಎದುರು ಸಾಲಿನ ಅಷ್ಟೂ ಮಕ್ಕಳಿಗೆ ತಲೆ ಬಾಚಿ, ಉಗುರು ಕತ್ತರಿಸಿ, ತಿಂಡಿ ತಿನ್ನಿಸಿ ಸಾಲಾಗಿ ನಿಲ್ಲಿಸಿದ್ದೆ. ಒಬ್ಬನೂ ತಪ್ಪಿಸಿಕೊಳ್ಳಲಿಲ್ಲ. ತೋಳಿನ ಪಟ್ಟಿಯಲ್ಲಿ ಕೆಂಪು, ಹಳದಿ, ಹಸಿರು ಇರುತ್ತದಲ್ಲ, ತೀರಾ ಸೊರಗಿದವರಿಗೆ ಕೆಂಪು, ಹೋದ ಸಲ ಎರಡೂ ಕಡೆ ಸೇರಿ ಕೆಂಪಿನಲ್ಲಿ ಹದಿನೇಳು ಮಕ್ಕಳಿದ್ದರು. ಈ ಸಲ ಕೆಂಪಿನಲ್ಲಿ ಒಬ್ಬರೂ ಇಲ್ಲ ಕಣೋ! ಅಳತೆಯ ಹುಡುಗಿಯರಲ್ಲಿ ದೊಡ್ಡವಳು ಪಟ್ಟಿಯನ್ನು ಎರಡೆರಡು ಸಲ ಸುತ್ತಿ ನೋಡಿದಳು. "ಈ ಕಡೆಯವರೂ ಇಷ್ಟು ಚೆನ್ನಾಗಿದ್ದಾರಲ್ಲ?" ಅಂದಳು. ನಾನು ಏನೂ ಅರಿಯದವಳ ಹಾಗೆ ಗೋಣು ಆಡಿಸಿದೆ. ಒಳಗೊಳಗೇ ಎಷ್ಟು ಹಿಗ್ಗಿದೆ ಅಂದರೆ, ನಿನ್ನ ಬೆನ್ನು ತಟ್ಟಿ ಯಾರೋ ಹೊಗಳುತ್ತಿದ್ದಾರೆ ಅನ್ನಿಸಿತು.

ಬೇಡಮ್ಮ ಮೂರು ಕಿಲೋ ಏರಿದ್ದಾಳೆ. ಮುಖದ ಚೀಟಿ ತೋರಿಸಿದಾಗ ಬಹಳ ಹೊತ್ತು ನೋಡಿ ನಗುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಮುಖಕ್ಕೆ ಬೆರಳಿಟ್ಟಳು. ಅವಳ ಲೆಕ್ಕದಲ್ಲಿ ಅದು ಬಹಳ ದೊಡ್ಡದು.

ಇನ್ನು ನಲವತ್ತು ಕೋಣೆ ತೆರೆಸಪ್ಪ. ನನ್ನ ಕೆಲಸ ನಾನು ಮಾಡಿದ್ದೇನೆ.

ನಿನ್ನ ಅಕ್ಕ

&nbsp;

ಮೇ ೯

ಅಕ್ಕಾ,

ಈ ಕಾಗದ ಬರೆದು ಹರಿದು, ಬರೆದು ಹರಿದು ಹದಿನೈದು ದಿನವಾಯಿತು. ನೋಡೋಣ ಸಾಹೇಬರು ಹೇಳುವ ಮೊದಲೇ ನಾನು ಹೇಳಬೇಕು. ಕೋಣೆ ಈ ತಿಂಗಳ ಕೊನೆಗೆ ಮುಚ್ಚುತ್ತದೆ.

ಆ ದಿನ ಹೇಳದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ. ಎದುರು ಸಾಲನ್ನು ಹೋಲಿಕೆಗೆ ಅಂತ ಇಟ್ಟದ್ದು. ಕೋಣೆ ಇರುವ ಸಾಲಿನ ಮಕ್ಕಳು ಕೋಣೆ ಇಲ್ಲದ ಸಾಲಿನ ಮಕ್ಕಳಿಗಿಂತ ಎಷ್ಟು ಚೆನ್ನಾಗಿದ್ದಾರೆ ಅನ್ನುವುದೇ ನಮ್ಮ ಪ್ರಶ್ನೆ. ಒಂದೇ ರಸ್ತೆ, ಒಂದೇ ಧೂಳು, ಒಂದೇ ಥರದ ಮನೆಗಳು. ಒಂದು ಕಡೆ ಕೋಣೆ ಇದೆ, ಇನ್ನೊಂದು ಕಡೆ ಇಲ್ಲ. ಇಷ್ಟು ಚೊಕ್ಕವಾದ ಜಾಗ ಎಲ್ಲೂ ಸಿಗುವುದಿಲ್ಲ ಅಂತ ನಕಾಶೆ ಹರಡಿಕೊಂಡು ರಸ್ತೆಯ ನಡುವೆ ಗೆರೆ ಎಳೆದವನು ನಾನೇ. ಆಫೀಸಿನ ಹಿರಿಯರು ಶಭಾಷ್ ಅಂದಿದ್ದರು.

ಎರಡೂ ಸಾಲಿನ ಮಕ್ಕಳು ಒಂದೇ ಸಮ ಸುಧಾರಿಸಿದ್ದಾರೆ. ತೂಕ, ತೋಳಿನ ಸುತ್ತಳತೆ, ಕೆಮ್ಮಿದ ದಿನಗಳು, ಮುಖದ ಚೀಟಿ, ಎಲ್ಲವೂ. ವ್ಯತ್ಯಾಸ ಸೊನ್ನೆ. ಕೋಣೆ ಇಲ್ಲದೆಯೂ ಮಕ್ಕಳು ಅಷ್ಟೇ ಚೆನ್ನಾಗಿದ್ದಾರೆ ಅಂದರೆ ಸುಧಾರಣೆಗೆ ಕೋಣೆ ಕಾರಣವಲ್ಲ, ಆ ವರ್ಷ ಹೇಗೋ ಎಲ್ಲರಿಗೂ ಒಳ್ಳೆಯದಾಗಿದೆ. ಕಾಗದ ಹೇಳುವುದು ಇಷ್ಟೇ. ನಲವತ್ತು ಬೀದಿಗಳ ಮಾತೂ ಅಲ್ಲಿಗೆ ಮುಗಿಯಿತು.

ವರದಿ ಬಹಳ ಶಿಸ್ತಿನಿಂದ ಬಂದಿದೆ ಅಂದರು. ನನ್ನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಇದನ್ನು ನಿನಗೆ ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಂಡಂತಿದೆ.

ತಮ್ಮ

&nbsp;

ಮೇ ೧೫

ತಮ್ಮಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಾನು ಹತ್ತನೇ ಕ್ಲಾಸು. ಆದರೂ ಅರ್ಥವಾಯಿತು. ಎದುರು ಸಾಲಿನ ಮಕ್ಕಳು ಒಣಗಿಕೊಂಡೇ ಇರಬೇಕಿತ್ತು. ಅವರು ಒಣಗಿದಷ್ಟೂ ನಮ್ಮ ಕೋಣೆಗೆ ಒಳ್ಳೆಯ ಹೆಸರು ಬರುತ್ತಿತ್ತು.

ನನಗೆ ಇದು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ಆಗಸ್ಟಿನಲ್ಲೇ ನಾನು ಬಿಡಿಸಿ ಬಿಡಿಸಿ ಬರೆದಿದ್ದೆ, ಯಂತ್ರ, ಮೊಟ್ಟೆ, ಮಾತ್ರೆ ಎಲ್ಲ. ತಪ್ಪಿದ್ದರೆ ಹೇಳು ಅಂತಲೂ ಕೇಳಿದ್ದೆ. ನೀನು ಏನು ಬರೆದೆ? ಓದಿಲ್ಲ ಅಂತ ತಿಳಿದುಕೋ ಅಂದೆ. ಚಿಕ್ಕವನಿದ್ದಾಗ ಏನಾದರೂ ಒಡೆದು ಹಾಕಿ ಮಂಚದ ಕೆಳಗೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ, ನಾನು ಏಟು ತಿಂದು ಮುಗಿಸುವವರೆಗೂ. ಆಗ ನಿನಗೆ ಐದು ವರ್ಷ. ಈಗ ನಲವತ್ತು.

ಒಂದು ಮಾತು ಸಾಕಿತ್ತು. "ನನ್ನ ಅಕ್ಕ ಅಲ್ಲಿದ್ದಾಳೆ, ಎರಡೂ ಸಾಲಿಗೆ ಕೊಟ್ಟಿದ್ದಾಳೆ, ಅದಕ್ಕೇ ಎರಡೂ ಸಾಲು ಚೆನ್ನಾಗಿದೆ" ಅಂತ. ಆಗ ನಿನ್ನ ಸೊನ್ನೆಯೇ ಸಾಕ್ಷಿಯಾಗುತ್ತಿತ್ತು. ಕೋಣೆ ಎಷ್ಟು ಚೆನ್ನಾಗಿ ನಡೆಯಿತೆಂದರೆ ನಿಮ್ಮ ಗೆರೆ ಅದನ್ನು ತಡೆಯಲಿಲ್ಲ ಅಂತ. ನೀನು ಹೇಳಲಿಲ್ಲ, ಮುಖ್ಯಸ್ಥನಾದೆ. ಮೂವತ್ತೊಂದನೇ ತಾರೀಕು ಯಂತ್ರ ತೆಗೆದುಕೊಂಡು ಹೋಗಲು ಗಾಡಿ ಬರುತ್ತದಂತೆ. ಅದರ ಕಾಗದದ ಕೆಳಗೂ ನಿನ್ನದೇ ಸಹಿ ಇದೆ.

ಇನ್ನು ಬರೆಯಬೇಡ.

ನಿನ್ನ ಅಕ್ಕ

&nbsp;

ಜುಲೈ ೧೮

ಅಕ್ಕಾ,

ಇದು ಮೂರನೆಯ ಕಾಗದ. ಬೈದಾದರೂ ಒಂದು ಸಾಲು ಬರೆ. ಫೋನು ಮಾಡಿದರೆ ಎತ್ತುತ್ತಿಲ್ಲ. ಈಗ ಆಫೀಸಿನಿಂದಲೇ ಮಾಡುತ್ತಿದ್ದೇನೆ, ಯಾರು ಕೇಳಿದರೂ ಕೇಳಲಿ ಅಂತ.

ತಮ್ಮ

&nbsp;

ಜುಲೈ ೩೦

ತಮ್ಮಾ,

ಬೈಯಲು ಶಕ್ತಿಯಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಕೋಣೆಗೆ ಬೀಗ ಬಿದ್ದ ದಿನ ತಾಯಂದಿರೆಲ್ಲ ಸೇರಿ ಯಾಕೆ ಅಂತ ಕೇಳಿದರು. ಸಾಹೇಬರು ನೋಡೋಣ ಅಂತ ಹೇಳಿ ಗಾಡಿ ಹತ್ತಿದರು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ. ಎದುರು ಸಾಲಿಗೂ ಕೊಟ್ಟದ್ದರಿಂದ ಹೀಗಾಯಿತು, ತಪ್ಪು ನನ್ನದು ಅಂದೆ. ನಿನ್ನ ಹೆಸರು ಎತ್ತಲಿಲ್ಲ. ನಿಜ ಹೇಳಿದರೆ ಎಲ್ಲರೂ ಒಟ್ಟಿಗೆ ಸಿಟ್ಟಾಗುತ್ತಾರೆ, ಒಟ್ಟಿಗೆ ಹೋಗಿ ಕೇಳುತ್ತಾರೆ ಅಂದುಕೊಂಡಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಅವರು ಸಿಟ್ಟಾದದ್ದು ಎದುರು ಸಾಲಿನ ಮೇಲೆ. ಟೈಲರಮ್ಮ, ಮೊಟ್ಟೆ ಅರ್ಧ ಮಾಡಲು ಮೊದಲು ಒಪ್ಪಿದವಳು, ರಸ್ತೆಯ ನಡುವೆ ನಿಂತು, "ನಿಮ್ಮ ಮಕ್ಕಳು ಬಂದು ತಿಂದ್ರು, ನಮ್ಮ ಮಕ್ಕಳ ಬಾಯಿಗೆ ಮಣ್ಣು ಬಿತ್ತು!" ಅಂತ ಕಿರುಚಿದಳು. ಆ ಕಡೆಯಿಂದ ಬೇಡಮ್ಮನ ತಾಯಿ, "ಕರ್ದಿದ್ದು ನೀವೇ ಅಲ್ವಾ? ಈಗ ಹಂಗಿಸ್ತೀರಾ?" ಅಂದಳು. ಒಂದು ಕಲ್ಲೂ ಬಿತ್ತು. ಯಾರ ಕಡೆಯಿಂದ ಅಂತ ಯಾರೂ ಹೇಳುವುದಿಲ್ಲ.

ಹೆಚ್ಚುಕಡಿಮೆ ಒಂದು ವರ್ಷ ಒಂದೇ ಚಾಪೆಯ ಮೇಲೆ ಉಂಡ ಮಕ್ಕಳು ಈಗ ರಸ್ತೆಯ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ಅಣಕಿಸುತ್ತಾರೆ. ಆ ರಸ್ತೆಯ ಅಗಲ ಹನ್ನೆರಡು ಹೆಜ್ಜೆ. ನೀನು ನಕಾಶೆಯಲ್ಲಿ ನೋಡಿದವನು, ಅದಕ್ಕೇ ಹೇಳುತ್ತಿದ್ದೇನೆ. ನನ್ನ ಹತ್ತಿರ ಎರಡೂ ಕಡೆಯವರು ಮಾತು ಬಿಟ್ಟಿದ್ದಾರೆ.

ಕಿಟಕಿಗಳ ಒದ್ದೆ ಬಟ್ಟೆಯೂ ಒಂದೊಂದಾಗಿ ಕೆಳಗಿಳಿಯಿತು. ಹೇಳುವವರಿಲ್ಲ, ಕೇಳುವವರಿಲ್ಲ.

ನಿನ್ನ ಅಕ್ಕ

&nbsp;

ಅಕ್ಟೋಬರ್ ೧೧

ಅಕ್ಕಾ,

ನಿನ್ನ ಕಾಗದ ಬಂದ ಮರುದಿನ ಹಿರಿಯರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ನೀನು ಯಾರು, ನೀನು ಏನು ಬರೆದಿದ್ದೆ, ನಾನು ಹೇಗೆ ಬಾಯಿಗೆ ಬೀಗ ಹಾಕಿಕೊಂಡೆ, ಎಲ್ಲ. ಆಗಸ್ಟಿನ ನಿನ್ನ ಕಾಗದವನ್ನೇ ಮೇಜಿನ ಮೇಲಿಟ್ಟೆ. ಮುಖ್ಯಸ್ಥನ ಕುರ್ಚಿ ಹೋಯಿತು. ಈಗ ಹಳೆಯ ಮೇಜಿನಲ್ಲೇ ಬೇರೆಯವರ ಅಂಕಿ ಜೋಡಿಸುತ್ತಿದ್ದೇನೆ. ಅದರ ದುಃಖವಿಲ್ಲ ಅಂದರೆ ಸುಳ್ಳಾಗುತ್ತದೆ. ನಿದ್ದೆ ಮಾತ್ರ ಬರುತ್ತಿದೆ.

ಎರಡು ತಿಂಗಳು ಕಾಡಿ ಬೇಡಿದ ಮೇಲೆ ಹಿರಿಯರು ಇಳಿದುಬಂದಿದ್ದಾರೆ. ಕೋಣೆಯನ್ನು ಮತ್ತೆ ಒಂದು ವರ್ಷ ತೆರೆಯುತ್ತಾರೆ. ನವೆಂಬರಿನ ಮೊದಲ ವಾರ ಹೊಸದಾಗಿ ಅಳತೆ, ಆಮೇಲೆ ಕೋಣೆ. ಈ ಸಲ ವ್ಯತ್ಯಾಸ ಕಂಡರೆ ನಲವತ್ತು ಬೀದಿಗಳೂ ಖಂಡಿತ.

ಷರತ್ತು ಇದೆ. ಗೆರೆ ಹಾಗೇ ಇರಬೇಕು. ಬೇರೆ ಊರಿನ ಬೀದಿಯನ್ನು ಹೋಲಿಕೆಗೆ ತೆಗೆದುಕೊಳ್ಳಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ನಿಮ್ಮ ಸಾಲಿನ ಮಕ್ಕಳ ಕೊರಳಿಗೆ ಗುರುತಿನ ಚೀಟಿ ಕೊಡುತ್ತಾರೆ. ಎದುರು ಸಾಲಿನ ಒಂದು ಮಗು ಒಳಗೆ ಬಂದದ್ದು ಗೊತ್ತಾದರೂ ಅದೇ ದಿನ ಮುಚ್ಚುತ್ತಾರೆ.

ಇನ್ನೊಂದು. ಬಾಗಿಲಲ್ಲಿ ನೀನೇ ನಿಲ್ಲಬೇಕಂತೆ. ನಾನು ಬೇಡ ಅಂದೆ. "ಯಾವ ಮಗು ಯಾವ ಸಾಲಿನದು ಅಂತ ಕಣ್ಣು ಮುಚ್ಚಿ ಹೇಳೋರು ಅವರೊಬ್ಬರೇ, ಬೇರೆ ಯಾರನ್ನ ಇಟ್ಟರೂ ಮಕ್ಕಳು ಏಮಾರಿಸ್ತಾರೆ" ಅಂದರು. ಒಪ್ಪಿಗೆಯ ಕಾಗದ ಜೊತೆಗಿಟ್ಟಿದ್ದೇನೆ. ಸಹಿ ಹಾಕುವುದು ಬೇಡ ಅನ್ನಿಸಿದರೆ ಹಾಕಬೇಡ. ಆಗ ಯಾರಿಗೂ ಇಲ್ಲ, ಅಷ್ಟೆ.

ನಿನ್ನ ತಮ್ಮ

&nbsp;

ಅಕ್ಟೋಬರ್ ೧೯

ತಮ್ಮಾ,

ಸಹಿ ಹಾಕಿ ಕಳಿಸಿದ್ದೇನೆ. ನಲವತ್ತಾರು ಮಕ್ಕಳಿಗಾದರೂ ಸಿಗಲಿ ಅಂತ. ನೀನು ಹೋಗಿ ಒಪ್ಪಿಕೊಂಡದ್ದು ಒಳ್ಳೆಯದಾಯಿತು, ಸಂತೋಷ. ಮೇ ತಿಂಗಳಲ್ಲಿ ಒಪ್ಪಿಕೊಂಡಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

ನಿನ್ನ ಅಕ್ಕ

&nbsp;

ಫೆಬ್ರವರಿ ೨೩

ತಮ್ಮಾ,

ನಾಲ್ಕು ತಿಂಗಳಲ್ಲಿ ನೀನು ಆರು ಕಾಗದ ಹಾಕಿ ಹೇಗೆ ನಡೆಯುತ್ತಿದೆ ಅಂತ ಕೇಳಿದ್ದೀಯ. ಚೆನ್ನಾಗಿ ನಡೆಯುತ್ತಿದೆ. ಇಷ್ಟು ಚೆನ್ನಾಗಿ ಹಿಂದೆ ನಡೆದಿರಲಿಲ್ಲ.

ಮೊದಲ ದಿನ ಎದುರು ಸಾಲಿನವರೂ ಕೈ ತೊಳೆದುಕೊಂಡೇ ಬಂದರು. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ವಾಪಸು ಕಳಿಸಿದೆ. ಬೇರೆಯವರಾದರೆ ಆಚೆ ಹೋಗು ಅನ್ನುತ್ತಿದ್ದರು, ನಾನು "ನೀನು ಮನೆಗೆ ಹೋಗು ಪುಟ್ಟಾ" ಅಂದೆ. ವ್ಯತ್ಯಾಸ ಅಷ್ಟೇ. ಎರಡನೇ ವಾರ ಒಂದು ಪುಟ್ಟ ಹುಡುಗಿ ನಮ್ಮ ಸಾಲಿನ ಗೆಳತಿಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು, ತಲೆ ಬಗ್ಗಿಸಿ, ಸಾಲಿನ ನಡುವೆ ಸೇರಿಕೊಂಡಿತ್ತು. ಆ ತಲೆಯ ಸುಳಿ ನೋಡಿಯೇ ನನಗೆ ಗೊತ್ತಾಯಿತು, ಎಷ್ಟು ಸಲ ಬಾಚಿದ್ದೇನೆ. ದಾರವನ್ನು ಅದರ ಕೊರಳಿನಿಂದ ತೆಗೆದೆ. ಅದು ಅಳಲಿಲ್ಲ. ನಮ್ಮ ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿದರು. ಟೈಲರಮ್ಮ ಮತ್ತೆ ನನ್ನ ಹತ್ತಿರ ಮಾತಾಡುತ್ತಾಳೆ. "ಈಗ ಸರಿಯಾಗಿ ನಡೆಸ್ತಿದ್ದೀಯ ನೋಡಕ್ಕ" ಅಂದಳು. ಒಂದು ತಿಂಗಳಾದ ಮೇಲೆ ಆ ಕಡೆಯಿಂದ ಯಾರೂ ಬರಲಿಲ್ಲ. ಇಡೀ ಮೊಟ್ಟೆ ಕೊಡುತ್ತೇನೆ, ಒಂದೊಂದು ದಿನ ಉಳಿಯುತ್ತದೆ. ಉಳಿದದ್ದನ್ನು ರಿಜಿಸ್ಟರಿನಲ್ಲಿ ಬರೆದು ಸಾಹೇಬರಿಗೆ ತೋರಿಸಬೇಕು.

ಜನವರಿಯಲ್ಲಿ ಬೇಡಮ್ಮನ ತಾಯಿ ಮತ್ತೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದಳು. ರಸ್ತೆಯ ಆ ಅಂಚಿನಲ್ಲೇ ನಿಂತಳು, ದಾಟಲಿಲ್ಲ. ಮಗುವಿನ ಎದೆಯ ಶಬ್ದ ಬಾಗಿಲಿಗೇ ಕೇಳುತ್ತಿತ್ತು. ಯಂತ್ರ ನನ್ನ ಬೆನ್ನ ಹಿಂದೆ, ನಾಲ್ಕು ಹೆಜ್ಜೆಯಾಚೆ ಇತ್ತು. ಒಳಗೆ ನಲವತ್ತಾರು ಮಕ್ಕಳು ಊಟಕ್ಕೆ ಕೂತಿದ್ದರು, ಸಾಹೇಬರು ಕುರ್ಚಿಯಲ್ಲಿದ್ದರು. ನಾನು ದಾಟಲಿಲ್ಲ ತಮ್ಮಾ. "ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು, ಎರಡನೇ ಬಸ್ಸು ಇನ್ನೇನು ಬರುತ್ತೆ" ಅಂತ ಇಲ್ಲಿಂದಲೇ ಕೂಗಿ ಹೇಳಿದೆ. ಅವಳು ನನ್ನನ್ನು ನೋಡಿದಳು, ಹೋದಳು.

ಮಗು ಉಳಿಯಿತು. ಹನ್ನೊಂದು ದಿನ ಅಲ್ಲಿತ್ತು. ಈಗ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತದೆ. ಮೂರು ಕಿಲೋವಾದರೂ ಇಳಿದಿರಬೇಕು. ಕಣ್ಣಳತೆಯಲ್ಲಿ ಹೇಳುತ್ತಿದ್ದೇನೆ, ತಕ್ಕಡಿಯ ಮೇಲೆ ನಿಲ್ಲಿಸುವಂತಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇದು: ಗೆರೆ ನೆಟ್ಟಗಿದೆ. ಈ ಸಲ ನಿಮಗೆ ಬೇಕಾದ ವ್ಯತ್ಯಾಸ ಸಿಗುತ್ತದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಕೋಣೆ ಗೆಲ್ಲುತ್ತದೆ, ನಲವತ್ತು ಬೀದಿಗಳ ಮಕ್ಕಳು ಉಣ್ಣುತ್ತಾರೆ. ಅದು ಸುಳ್ಳಲ್ಲ, ನನಗೂ ಗೊತ್ತು. ಅದಕ್ಕೇ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದೇನೆ.

ಒಂದೇ ಒಂದು ಕೇಳುತ್ತೇನೆ, ಇದುವರೆಗೆ ನಿನ್ನನ್ನು ಹಟ ಹಿಡಿದು ಏನೂ ಕೇಳಿದವಳಲ್ಲ. ಕೊನೆಯ ಅಳತೆಗೆ ಹುಡುಗಿಯರು ಸಾಲದು, ಕುರ್ಚಿ ಹೋಗಿದ್ದರೂ ಹಿರಿಯರನ್ನು ಕಾಡಿ ಬೇಡಿ ನೀನೇ ಬಾ. ನಮ್ಮ ಸಾಲನ್ನು ಯಾರಾದರೂ ತೂಗಲಿ. ಎದುರು ಸಾಲಿನ ಮಕ್ಕಳನ್ನು ಒಬ್ಬೊಬ್ಬರನ್ನೂ ನೀನೇ ಎತ್ತಿ ತಕ್ಕಡಿಯ ಮೇಲೆ ನಿಲ್ಲಿಸು.

ಅಕ್ಕ